ನಿಂತು ನೋಡುವ ಲಂಡನ್

ಕರ್ನಾಟಕದಲ್ಲಿ ಗೌರಿ-ಗಣೇಶ ಹಬ್ಬದ ಓಡಾಟ ಶುರುವಾಗುವ ಹೊತ್ತಿಗೆ ಲಂಡನ್ನಿನ ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಆಗಸ್ಟ್ ಕೊನೆಯ ವಾರಗಳಲ್ಲಿ ಹಗಲಿನ ಬಿಸಿ ಸಾಮಾನ್ಯವಾಗಿ 20-22 ಡಿಗ್ರಿ. ಬೆಂಗಳೂರಿನವರೂ ಸಂಜೆಗೊಂದು ಸ್ವೆಟರ್ ಇರಲಿ ಎನ್ನುವಂಥ ಬೇಸಿಗೆ ಇದು. ಸೂರ್ಯ ಮುಳುಗುವುದು ಎಂಟು ಗಂಟೆಯ ಸುಮಾರಿಗೆ. ಮಗಳ ಮನೆಗೋ ಮಗನ ಮನೆಗೋ ಹೋದ ಅಪ್ಪ-ಅಮ್ಮಂದಿರನ್ನು ಮೊದಲ ಶನಿವಾರವೇ ಲಂಡನ್ ಐ, ಟವರ್ ಬ್ರಿಡ್ಜ್, ಮೇಡಂ ಟುಸ್ಸಾಡ್ಸ್ ಎಂದು ಸುತ್ತಿಸುವುದು ವಾಡಿಕೆ. ಅವೆಲ್ಲ ಜನವರಿಯಲ್ಲೂ ಇರುತ್ತವೆ. ಬೇಸಿಗೆಯ ತುದಿಯಲ್ಲಿ ಮಾತ್ರ ಸಿಗುವ ಲಂಡನ್ ಬೇರೆಯೇ ಇದೆ. ಅದರಲ್ಲಿ ಒಳ್ಳೆಯ ಜಾಗವೆಲ್ಲ ಕುರ್ಚಿ ಇಲ್ಲದ ಕಡೆಗೇ ಇರುವುದು ವಿಶೇಷ. ಎರಡು-ಮೂರು ಗಂಟೆ ನಿಲ್ಲಬಲ್ಲ ಕಾಲುಗಳಿದ್ದರೆ ಈ ದುಬಾರಿ ಊರು ಏಕಾಏಕಿ ಅಗ್ಗವಾಗುತ್ತದೆ.

ರಾಯಲ್ ಆಲ್ಬರ್ಟ್ ಹಾಲಿನಿಂದಲೇ ಶುರು ಮಾಡಬಹುದು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಎರಡನೆಯ ವಾರದ ತನಕ ಇಲ್ಲಿ ಹೆಚ್ಚುಕಡಿಮೆ ದಿನಾ ಸಂಜೆ 'ಪ್ರಾಮ್ಸ್' ಕಛೇರಿಗಳು ನಡೆಯುತ್ತವೆ. ಇವಕ್ಕೆ ನಾಂದಿ ಹಾಡಿದ್ದು 1895ರಲ್ಲಿ, ಕ್ವೀನ್ಸ್ ಹಾಲ್ ಎಂಬ ಬೇರೊಂದು ಸಭಾಂಗಣದಲ್ಲಿ. ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕನಿಗೆ ಶಾಸ್ತ್ರೀಯ ಸಂಗೀತ ಸಿರಿವಂತರ ಸೊತ್ತಾಗಿ ಉಳಿಯಬಾರದು ಎಂಬ ಹಟವಿತ್ತು. ಟಿಕೆಟ್ ದರ ಇಳಿಸಿದ, ನಿಂತು ಕೇಳಲು ಜಾಗ ಬಿಡಿಸಿದ, ತಿನ್ನುವುದಕ್ಕೂ ಕುಡಿಯುವುದಕ್ಕೂ ಅನುಮತಿ ಕೊಟ್ಟ. ವಾದ್ಯವೃಂದ ನಡೆಸಲು ಹೆನ್ರಿ ವುಡ್ ಎಂಬ ತರುಣನನ್ನು ಕರೆತಂದ. 1927ರಿಂದ ಬಿಬಿಸಿ ಇದರ ಹೊಣೆ ಹೊತ್ತಿತು. 1941ರಲ್ಲಿ ಜರ್ಮನ್ ಬಾಂಬಿಗೆ ಕ್ವೀನ್ಸ್ ಹಾಲ್ ಸುಟ್ಟುಹೋದಾಗ ಕಛೇರಿಗಳು ಆಲ್ಬರ್ಟ್ ಹಾಲಿಗೆ ಬಂದು ನೆಲೆಯಾದವು.

ನ್ಯೂಮನ್ನನ ಹಟ ಇಂದಿಗೂ ಉಳಿದಿದೆ. ವೇದಿಕೆಯ ನೇರ ಎದುರಿನ ಅಂಗಣದಲ್ಲಿ ಕುರ್ಚಿಗಳಿಲ್ಲ. ಅಲ್ಲಿ ನಿಂತು ಕೇಳುವ ಟಿಕೆಟ್ ಇತ್ತೀಚಿನ ವರ್ಷಗಳಲ್ಲಿ ಎಂಟು ಪೌಂಡಿನ ಆಸುಪಾಸಿನಲ್ಲಿದೆ. ಅದೇ ಕಛೇರಿಯ ಒಳ್ಳೆಯ ಆಸನಕ್ಕೆ ಇದರ ಹಲವು ಪಟ್ಟು ತೆರಬೇಕು. ಈ ಟಿಕೆಟುಗಳು ಆಯಾ ದಿನದ ಬೆಳಿಗ್ಗೆ ಮಾರಾಟಕ್ಕೆ ಬರುತ್ತವೆ. ವರ್ಷಗಟ್ಟಲೆ ಬಂದು ಪಳಗಿದವರು ಮೊದಲ ಸಾಲನ್ನು ಹಿಡಿದಿರುತ್ತಾರೆ. ಅವರದೇ ತಮಾಷೆಗಳೂ ಇವೆ. ನಡುವೆ ಪಿಯಾನೊದ ಮುಚ್ಚಳ ಎತ್ತಬೇಕಾದರೆ ಕೆಳಗೆ ನಿಂತವರು 'ಹೀವ್' ಎಂದು ಕೂಗುತ್ತಾರೆ, ಮೇಲಿನ ಗ್ಯಾಲರಿಯವರು 'ಹೋ' ಎನ್ನುತ್ತಾರೆ. ನಮ್ಮ ಐಲೇಸಾ ಇದ್ದ ಹಾಗೆ. ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರೂ ಒಮ್ಮೆ ಹೋಗಿ ಬರಬಹುದು. ಹಿಡಿಸದಿದ್ದರೆ ಮಧ್ಯಂತರದಲ್ಲಿ ಹೊರಟು ಬರಲು ಎಂಟು ಪೌಂಡು ಅಡ್ಡಿಯಾಗದು.

ಸಂಜೆ ಅಲ್ಲಿಗೆ ಹೋಗುವವರು ಮಧ್ಯಾಹ್ನವನ್ನು ಹತ್ತು-ಹದಿನೈದು ನಿಮಿಷ ನಡಿಗೆಯ ದೂರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಇಟ್ಟುಕೊಳ್ಳಬೇಕು. ಪ್ರವೇಶ ಉಚಿತ. ಒಳ ಅಂಗಳದ ಆಳವಿಲ್ಲದ ನೀರಿನಲ್ಲಿ ಮಕ್ಕಳು ಕಾಲಾಡಿಸುತ್ತಿರುತ್ತಾರೆ. ಟಿಪ್ಪುವಿನ ಹುಲಿ ಇರುವುದು ಈ ಸಂಗ್ರಹದಲ್ಲೇ. ಕೆಳಗೆ ಬಿದ್ದ ಯುರೋಪಿಯನ್ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿರುವ, ಹೆಚ್ಚುಕಡಿಮೆ ನಿಜಗಾತ್ರದ ಮರದ ಹುಲಿ ಅದು. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳಿಂದ ಹುಲಿಯ ಗುರುಗುಟ್ಟು, ಮನುಷ್ಯನ ನರಳಾಟ ಎರಡೂ ಹೊಮ್ಮುವಂತೆ, ಸಿಪಾಯಿಯ ಕೈ ಮೇಲೆ ಕೆಳಗೆ ಆಡುವಂತೆ ಮಾಡಿದ ಯಂತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸೈನ್ಯ ಇದನ್ನು ಹೊತ್ತೊಯ್ದಿತು. ಎರಡನೆಯ ಮಹಾಯುದ್ಧದಲ್ಲಿ ಚಾವಣಿ ಕುಸಿದು ಜಖಂಗೊಂಡಿದ್ದನ್ನು ಆಮೇಲೆ ದುರಸ್ತಿ ಮಾಡಿದ್ದಾರೆ. ವಸ್ತುಸಂಗ್ರಹಾಲಯಗಳಲ್ಲಿ ನವೀಕರಣ ನಡೆಯುತ್ತಲೇ ಇರುವುದರಿಂದ ಹುಲಿ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಜಾಣತನ.

ನಿಂತು ನೋಡುವ ಎರಡನೆಯ ಜಾಗ ಥೇಮ್ಸ್ ನದಿಯ ದಕ್ಷಿಣ ದಂಡೆಯ ಗ್ಲೋಬ್ ರಂಗಮಂದಿರ. ಶೇಕ್ಸ್‌ಪಿಯರನ ತಂಡ 1599ರಲ್ಲಿ ಕಟ್ಟಿದ ಮೂಲ ಗ್ಲೋಬ್ 1613ರಲ್ಲಿ ನಾಟಕದ ನಡುವೆಯೇ ಸುಟ್ಟುಹೋಯಿತು. ರಾಜನ ಪ್ರವೇಶಕ್ಕೆಂದು ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗುಲಿತ್ತು. ಪ್ರಾಣಹಾನಿ ಆಗಲಿಲ್ಲ, ಒಬ್ಬನ ಚಡ್ಡಿಗೆ ಹತ್ತಿದ ಬೆಂಕಿಯನ್ನು ಸೀಸೆಯಲ್ಲಿದ್ದ ಮದ್ಯ ಸುರಿದು ಆರಿಸಿದರಂತೆ. ಈಗಿನದು ಅಮೆರಿಕದ ನಟ ಸ್ಯಾಮ್ ವಾನಮೇಕರ್ ಬೆನ್ನುಹತ್ತಿ ಕಟ್ಟಿಸಿದ್ದು. 1949ರಲ್ಲಿ ಗ್ಲೋಬ್ ಹುಡುಕಿಕೊಂಡು ಲಂಡನ್ನಿಗೆ ಬಂದ ಅವರಿಗೆ ಸಿಕ್ಕಿದ್ದು ಗೋಡೆಯ ಮೇಲಿನ ಒಂದು ಫಲಕ ಮಾತ್ರ. ರಂಗಮಂದಿರ 1997ರಲ್ಲಿ ತೆರೆಯಿತು, ಅದಕ್ಕೆ ನಾಲ್ಕು ವರ್ಷ ಮೊದಲೇ ವಾನಮೇಕರ್ ತೀರಿಕೊಂಡಿದ್ದರು. 1666ರ ಮಹಾಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕ ಮೊದಲ ಕಟ್ಟಡ ಇದು. ಹುಲ್ಲಿನ ನಡುವೆ ನೀರು ಚಿಮ್ಮುವ ಕೊಳವೆಗಳನ್ನು ಹುದುಗಿಸಿದ್ದಾರೆ.

ವೇದಿಕೆಯ ಸುತ್ತಲ ತೆರೆದ ಅಂಗಳದಲ್ಲಿ ಏಳುನೂರರಷ್ಟು ಜನ ನಿಲ್ಲಬಹುದು. ಟಿಕೆಟ್ ಐದು ಪೌಂಡಿನಿಂದ ಶುರು. ನಿಯಮಗಳು ಕಟ್ಟುನಿಟ್ಟು: ನೆಲದ ಮೇಲೆ ಕೂರುವಂತಿಲ್ಲ, ಮಳೆ ಬಂದರೂ ಛತ್ರಿ ಬಿಚ್ಚುವಂತಿಲ್ಲ. ಆದರೆ ವೇದಿಕೆಯ ಅಂಚಿಗೆ ಮೊಣಕೈ ಊರಿ ನಿಂತವನ ಮೂಗಿನ ನೇರಕ್ಕೇ ನಟರ ಪಾದಗಳು. ರಾಜನೋ ವಿದೂಷಕನೋ ಗುಂಪಿನ ಮಧ್ಯದಿಂದಲೇ ದಾರಿ ಮಾಡಿಕೊಂಡು ವೇದಿಕೆ ಏರುವುದೂ ಉಂಟು. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಆಟ ಅರ್ಥವಾಗುತ್ತದೆ. ಮೊದಲ ಸಲ ಹೋಗುವವರು ದುರಂತಕ್ಕಿಂತ ಪ್ರಹಸನವನ್ನು ಆರಿಸಿಕೊಳ್ಳಲಿ. ಮಂಡಿಗಳ ಯೋಗಕ್ಷೇಮಕ್ಕೂ ಅದೇ ಲೇಸು.

ಆಗಸ್ಟಿನ ಕೊನೆಯ ಸೋಮವಾರ ಇಂಗ್ಲೆಂಡಿನಲ್ಲಿ ಸಾರ್ವಜನಿಕ ರಜೆ. ಆ ಸೋಮವಾರ ಮತ್ತು ಹಿಂದಿನ ಭಾನುವಾರ ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳು ಕೆರಿಬಿಯನ್ನರ ಪಾಲಾಗುತ್ತವೆ. ಯುದ್ಧಾನಂತರ ದುಡಿಯಲು ಬಂದ ವೆಸ್ಟ್ ಇಂಡೀಸಿನವರ ಮೇಲೆ 1958ರಲ್ಲಿ ಇದೇ ಬೀದಿಗಳಲ್ಲಿ ಬಿಳಿಯ ಪುಂಡರ ದಾಳಿಗಳಾಗಿದ್ದವು. ಅದಕ್ಕೆ ಉತ್ತರವೆಂಬಂತೆ ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿಯ ಚಳಿಯಲ್ಲಿ ಸೇಂಟ್ ಪ್ಯಾಂಕ್ರಾಸ್ ಪುರಭವನದೊಳಗೆ ಕಾರ್ನಿವಲ್ ನಡೆಸಿದರು. 1966ರಲ್ಲಿ ಸಮಾಜಸೇವಕಿ ರೋನ್ ಲ್ಯಾಸ್ಲೆಟ್ ನಡೆಸಿದ ಬೀದಿ ಜಾತ್ರೆಯಲ್ಲಿ ರಸೆಲ್ ಹೆಂಡರ್ಸನ್ನರ ಸ್ಟೀಲ್ ಬ್ಯಾಂಡ್ ನುಡಿಸುತ್ತಾ ಬೀದಿಗಿಳಿದು ನಡೆಯಿತು, ಜನ ಹಿಂಬಾಲಿಸಿದರು. ಈಗ ಎರಡು ದಿನಗಳಲ್ಲಿ ಸೇರುವವರು ಹತ್ತು ಲಕ್ಷಕ್ಕೂ ಮಿಕ್ಕಿ.

ಗದ್ದಲ ಒಗ್ಗದವರಿಗೆ, ಮಕ್ಕಳ ಕೈ ಹಿಡಿದವರಿಗೆ ಭಾನುವಾರ ಬೆಳಗ್ಗೆಯೇ ಸರಿ. ಸೋಮವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಹತ್ತಿರದ ಮೆಟ್ರೊ ನಿಲ್ದಾಣಗಳಲ್ಲಿ ಕೆಲವು ಮುಚ್ಚಿರುತ್ತವೆ, ಕೆಲವದರಲ್ಲಿ ಇಳಿಯಬಹುದೇ ಹೊರತು ಹತ್ತುವಂತಿಲ್ಲ. ಶೌಚಾಲಯದ ಸಾಲು ಉದ್ದ, ಜೇಬುಗಳ್ಳರೂ ಉಂಟು. ತೈಲದ ಪೀಪಾಯಿಗಳನ್ನು ತಟ್ಟಿ ಹದಗೊಳಿಸಿ ಮಾಡಿದ ಸ್ಟೀಲ್ ಪ್ಯಾನ್‌ಗಳ ನಾದ ಈ ಕಷ್ಟವನ್ನೆಲ್ಲ ಮರೆಸುತ್ತದೆ. ಕೋಳಿ ಸುಡುವ ಹೊಗೆಯ ನಡುವೆ ಸಸ್ಯಾಹಾರಿಗಳು 'ಡಬಲ್ಸ್' ಎಂದು ಬರೆದ ಅಂಗಡಿ ಹುಡುಕಬೇಕು. ಎರಡು ಮೆತ್ತಗಿನ ಕರಿದ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ. ಆ ರೊಟ್ಟಿಯ ಹೆಸರು 'ಬಾರಾ', ಕಾಳಿಗೆ 'ಚನ್ನಾ'. 1845ರಿಂದ ಕಬ್ಬಿನ ಗದ್ದೆಗಳಿಗೆಂದು ಟ್ರಿನಿಡಾಡಿಗೆ ಹಡಗೇರಿದ ಭಾರತದ ಕೂಲಿಗಳ ಅಡುಗೆ ಎರಡು ಸಾಗರ ದಾಟಿ ಲಂಡನ್ನಿನ ಬೀದಿಗೆ ಬಂದಿದೆ.

ಬೇಸಿಗೆಯಲ್ಲಷ್ಟೇ ತೆರೆಯುವ ಇನ್ನೊಂದು ಬಾಗಿಲು ಬಕಿಂಗ್‌ಹ್ಯಾಮ್ ಅರಮನೆಯದು. 1992ರಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದು, ದುರಸ್ತಿಗೆ ಹಣ ಹೊಂದಿಸಲು ಮರುವರ್ಷದಿಂದ ಜನರನ್ನು ಒಳಬಿಡತೊಡಗಿದರು. ಹತ್ತೊಂಬತ್ತು ದರ್ಬಾರು ಕೋಣೆಗಳು, ಮೂವತ್ತು ಪೌಂಡಿಗೂ ಮೀರಿದ ಟಿಕೆಟ್. ಮೈಸೂರು ಅರಮನೆಯನ್ನು ಹತ್ತಾರು ಸಲ ನೋಡಿದವರು ಇದನ್ನು ಬಿಟ್ಟರೂ ದೊಡ್ಡ ನಷ್ಟವೇನಿಲ್ಲ.

ಕನ್ನಡಿಗರು ಬಿಡಬಾರದ್ದು ಓವಲ್ ಮೈದಾನ. ಇಂಗ್ಲೆಂಡಿನ ಬೇಸಿಗೆಯ ಕೊನೆಯ ಟೆಸ್ಟ್ ಇಲ್ಲಿ ನಡೆಯುವುದು ಹಳೆಯ ರೂಢಿ. 1971ರ ಆಗಸ್ಟ್‌ನಲ್ಲಿ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಕೆಡವಿದ್ದು ಇಲ್ಲೇ, ಬಾಲ್ಯದ ಪೋಲಿಯೊದಿಂದ ಸೊರಗಿದ ಅದೇ ಬಲಗೈಯಲ್ಲಿ. ಮರುದಿನ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. ಅಂದು ಗಣೇಶ ಚತುರ್ಥಿ; ಅಭಿಮಾನಿಗಳು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರು. 2002ರಲ್ಲಿ ದ್ರಾವಿಡ್ 217 ಹೊಡೆದದ್ದು, 2007ರಲ್ಲಿ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಬಾರಿಸಿದ್ದು, 2018ರಲ್ಲಿ ಕೆ. ಎಲ್. ರಾಹುಲ್ 149 ಗಳಿಸಿದ್ದು, 2025ರ ಆಗಸ್ಟ್‌ನಲ್ಲಿ ಭಾರತ ಆರೇ ರನ್ನಿನಿಂದ ಗೆದ್ದಾಗ ಸಿರಾಜ್ ಜೊತೆ ಪ್ರಸಿದ್ಧ ಕೃಷ್ಣ ಎಸೆದದ್ದು ಎಲ್ಲವೂ ಈ ಹುಲ್ಲಿನ ಮೇಲೆಯೇ. ಅಲ್ಲಿಂದ ವಾಕ್ಸ್‌ಹಾಲ್ ಮಾರ್ಗವಾಗಿ ನದಿಯತ್ತ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಅದಕ್ಕೆ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ್.

ಓಡಾಟಕ್ಕೆ ಕೆಂಪು ಬಸ್ಸೇ ಸಾಕು. ನಗದು ತೆಗೆದುಕೊಳ್ಳುವುದನ್ನು ಅವು 2014ರಲ್ಲೇ ನಿಲ್ಲಿಸಿವೆ. ಕಾರ್ಡ್ ತಾಗಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ. ವಾಸ ಸೆಪ್ಟೆಂಬರ್ ಮಧ್ಯದವರೆಗೆ ಇದ್ದರೆ 1992ರಿಂದ ನಡೆದುಬಂದಿರುವ 'ಓಪನ್ ಹೌಸ್' ಉತ್ಸವವೂ ದಕ್ಕುತ್ತದೆ. ಸಾಮಾನ್ಯವಾಗಿ ಮುಚ್ಚಿರುವ ನೂರಾರು ಕಟ್ಟಡಗಳಿಗೆ ಆಗ ಉಚಿತ ಪ್ರವೇಶ. ಹಲವಕ್ಕೆ ಸಾಲಿನಲ್ಲಿ ನಿಂತರಾಯಿತು. ಪ್ರಧಾನಿಯ ಮನೆಯಾದ 10 ಡೌನಿಂಗ್ ಸ್ಟ್ರೀಟಿನಂಥ ಕೆಲವಕ್ಕೆ ಮಾತ್ರ ಮೊದಲೇ ಹೆಸರು ಕೊಡಬೇಕು, ಚೀಟಿ ಎತ್ತಿ ಆರಿಸುತ್ತಾರೆ.