ಆದೇಶ ಸಾಲಿನಿಂದ ವರ್ಚುವಲ್ ಯಂತ್ರದ ಆಮದು

ಕನ್ನಡ ಹಾಗೂ ಮಲಯಾಳ ಮಾಧ್ಯಮಗಳ ತರಗತಿಗಳು ಒಂದೇ ಕಂಪ್ಯೂಟರ್ ಕೊಠಡಿಯನ್ನು ಬಳಸುವಲ್ಲಿ, ಕನ್ನಡದ ಅಕ್ಷರಶೈಲಿ, ಕೀಲಿಮಣೆ ವಿನ್ಯಾಸ ಮತ್ತು ಕಲಿಕಾ ತಂತ್ರಾಂಶಗಳಿಗಾಗಿ ಮೂಲ ವ್ಯವಸ್ಥೆಯನ್ನು ಬದಲಿಸಿದರೆ ಇನ್ನೊಂದು ತರಗತಿಗೆ ತೊಡಕಾಗುತ್ತದೆ. ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ರೂಪುಗೊಳ್ಳುವ ಮತ್ತೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಯಂತ್ರ, ಇದಕ್ಕೊಂದು ಪರಿಹಾರ. ಅದನ್ನು ಒಮ್ಮೆ ಅಣಿಗೊಳಿಸಿ, ಒವಿಎ ಕಡತವಾಗಿ ಕಟ್ಟಿ, ಉಳಿದ ಯಂತ್ರಗಳಿಗೆ ಒಯ್ಯಬಹುದು.

ಒವಿಎ ಒಂದು ಗಂಟು. ಯಂತ್ರದ ಬಿಡಿಭಾಗಗಳ ವಿವರಪಟ್ಟಿಯೂ ಸಂಕುಚಿತ ರೂಪದ ಡಿಸ್ಕ್ ಕಡತವೂ ಅದರಲ್ಲಿರುತ್ತವೆ. ಬಿಚ್ಚಿದಾಗ ಹೆಚ್ಚು ಸ್ಥಳ ಬೇಕಾಗುತ್ತದೆ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿಗೆ ಮೀರಿದ ಕಡತ ಹಿಡಿಯದು.

ವರ್ಚುವಲ್‌ಬಾಕ್ಸ್‌ನೊಡನೆ ಬರುವ ವಿಬಾಕ್ಸ್‌ಮ್ಯಾನೇಜ್ ಎಂಬ ಸಾಧನದಿಂದ ಆಮದು ನಡೆಯುತ್ತದೆ. ಆದೇಶಗಳನ್ನು ರೋಮನ್ ಲಿಪಿಯಲ್ಲಿಯೇ ಟೈಪು ಮಾಡತಕ್ಕದ್ದು. ಇಲ್ಲಿ ಕೊಟ್ಟಿರುವುದು ಉಚ್ಚಾರಣೆ ಮಾತ್ರ. ವಿಂಡೋಸ್‌ನಲ್ಲಿ ಆದೇಶ ಸಿಗದಿದ್ದರೆ ವರ್ಚುವಲ್‌ಬಾಕ್ಸ್ ಸ್ಥಾಪಿತವಾದ ಫೋಲ್ಡರಿಗೆ ಹೋಗಿ ಅಲ್ಲಿಂದ ನೀಡಬೇಕು.

ನೇರವಾಗಿ ಆಮದಿಗೆ ತೊಡಗುವುದು ಅವಸರವೇ ಸರಿ. ಮೊದಲು ‘ವಿಬಾಕ್ಸ್‌ಮ್ಯಾನೇಜ್ ಇಂಪೋರ್ಟ್’ ಎಂದು ಬರೆದು, ಕಡತದ ಹೆಸರನ್ನು ಕೊಟ್ಟು, ಕೊನೆಗೆ ಎರಡು ಅಡ್ಡಗೆರೆಗಳೊಡನೆ ‘ಡ್ರೈ-ರನ್’ ಸೇರಿಸಬೇಕು. ಆಗ ಏನೂ ಆಮದಾಗುವುದಿಲ್ಲ. ಆಗಲಿರುವುದರ ಪಟ್ಟಿ ಮಾತ್ರ ತೆರೆಯ ಮೇಲೆ ಮೂಡುತ್ತದೆ. ಯಂತ್ರದ ಹೆಸರು, ಮೆಮೊರಿ, ಡಿಸ್ಕ್, ಧ್ವನಿ ಕಾರ್ಡ್ ಎಲ್ಲಕ್ಕೂ ಕ್ರಮಸಂಖ್ಯೆಯಿರುತ್ತದೆ. ಬದಲಿಸಬಹುದಾದವುಗಳ ಬಳಿ ಅದರ ವಿಧಾನವೂ ಇರುತ್ತದೆ. ಶಾಲೆಯ ಹಳೆಯ ಕಂಪ್ಯೂಟರುಗಳಿಗೆ ಈ ಪಟ್ಟಿ ಬಹಳ ಮುಖ್ಯ. ವರ್ಚುವಲ್ ಯಂತ್ರದ ಮೆಮೊರಿಯು ನಿಜವಾದ ಯಂತ್ರದ ಮೆಮೊರಿಯಿಂದಲೇ ಬರಬೇಕಷ್ಟೆ. ಒಟ್ಟು 4 ಜಿಬಿ ಇರುವಲ್ಲಿ ಪಟ್ಟಿಯು 4096 ಎಂಬಿ ಕೇಳಿದರೆ ಎರಡೂ ಕುಂಟುತ್ತವೆ. ಆಗ ‘ಡ್ರೈ-ರನ್’ ತೆಗೆದು, ‘ವಿಸಿಸ್ 0’ ಮತ್ತು ‘ಮೆಮೊರಿ 2048’ ಎಂಬ ಆಯ್ಕೆಗಳನ್ನು ಎರಡೆರಡು ಅಡ್ಡಗೆರೆಗಳೊಡನೆ ಸೇರಿಸಿ ಆದೇಶವನ್ನು ಮತ್ತೆ ನೀಡಬೇಕು. ಬೇಡವಾದ ಧ್ವನಿ ಕಾರ್ಡನ್ನು ಅದರ ಕ್ರಮಸಂಖ್ಯೆಯ ಮುಂದೆ ‘ಇಗ್ನೋರ್’ ಎಂದು ಸೂಚಿಸಿ ಕೈಬಿಡಬಹುದು.

ಆಮದು ಮುಗಿದ ಬಳಿಕ ‘ಲಿಸ್ಟ್ ವಿಎಂಎಸ್’ ಆದೇಶವು ಯಂತ್ರದ ಹೆಸರನ್ನು ತೋರಿಸುತ್ತದೆ. ‘ಸ್ಟಾರ್ಟ್‌ವಿಎಂ’ ಅದನ್ನು ಚಾಲೂ ಮಾಡುತ್ತದೆ. ಚಾಲೂ ಆಗದಿದ್ದರೆ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಸಕ್ರಿಯವಾಗಿದೆಯೇ ಎಂದು ನೋಡಬೇಕು. ವರ್ಚುವಲ್‌ಬಾಕ್ಸ್ 6.1ರಿಂದೀಚೆಗೆ ಅದು ಕಡ್ಡಾಯ.

ಮಕ್ಕಳು ಈ ಯಂತ್ರದೊಳಗೆ ಉಳಿಸಿದ ಬರಹ ಅದರ ಡಿಸ್ಕಿನಲ್ಲಿಯೇ ಇರುತ್ತದೆ. ‘ಅನ್‌ರಿಜಿಸ್ಟರ್‌ವಿಎಂ’ ಆದೇಶಕ್ಕೆ ‘ಡಿಲೀಟ್’ ಸೇರಿಸಿದರೆ ಆ ಡಿಸ್ಕ್ ಸಹ ಅಳಿಯುತ್ತದೆ. ಹೊಸ ಪ್ರತಿಗಾಗಿ ಹಳೆಯದನ್ನು ತೆಗೆಯುವ ಮುನ್ನ ಆ ಬರಹಗಳನ್ನು ಹೊರಗೆ ನಕಲು ಮಾಡಿಕೊಳ್ಳತಕ್ಕದ್ದು.