‘ಇಲ್ಲೇ ಹೋಗಿ ಬರ್ತೀನಿ’ ಎನ್ನುವಾಗಲೂ ಹೆಲ್ಮೆಟ್, ಜಾಕೆಟ್ ಏಕೆ ಬೇಕು?

ನಗರದೊಳಗೆ, 15 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೈಕ್ ಓಡಿಸುವವರಿಗೆ ಹೆಲ್ಮೆಟ್ ಕಡ್ಡಾಯವಲ್ಲ, ಕೋರ್ಟ್ ಆದೇಶವೇ ಬಂದಿದೆ ಎನ್ನುವ ಸಂದೇಶ ಕೆಲವು ವರ್ಷಗಳಿಂದ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು.

ಇದು ಸುಳ್ಳು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಬೈಕ್ ಓಡಿಸುವವರು, ಹಿಂದೆ ಕೂರುವವರು ಇಬ್ಬರೂ ಹೆಲ್ಮೆಟ್ ಹಾಕಲೇಬೇಕು. ಅದರಲ್ಲಿ ಕಿಲೋಮೀಟರ್ ಲೆಕ್ಕವಿಲ್ಲ. 2019ರ ತಿದ್ದುಪಡಿಯ ನಂತರ 4 ವರ್ಷ ಮೇಲ್ಪಟ್ಟ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಕರ್ನಾಟಕದಲ್ಲಂತೂ ಹಿಂಬದಿ ಸವಾರರಿಗೆ 2016ರ ಜನವರಿಯಿಂದಲೇ ಹೆಲ್ಮೆಟ್ ಕಡ್ಡಾಯವಾಗಿದೆ.

ಆದರೂ ಈ ಸಂದೇಶವನ್ನು ಜನ ಸುಲಭವಾಗಿ ನಂಬುತ್ತಾರೆ. ಏಕೆಂದರೆ ‘ಹತ್ತಿರ ಹೋದರೆ ಅಪಾಯವಿಲ್ಲ’ ಎಂದು ನಮ್ಮಲ್ಲಿ ಬಹುತೇಕರು ಮೊದಲೇ ನಂಬಿಕೊಂಡಿದ್ದೇವೆ. ಈ ನಂಬಿಕೆ ಎಷ್ಟು ಸರಿ?

ನಿಧಾನಕ್ಕೆ ಹೋದರೆ ಏನೂ ಆಗುವುದಿಲ್ಲವೇ?

ಒಂದು ಸಣ್ಣ ಲೆಕ್ಕ ಮಾಡೋಣ. ಸ್ಕೂಟರ್ ಮೇಲೆ ಕುಳಿತಾಗ ನಿಮ್ಮ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತಿದ್ದಾಗಲೇ ಸಮತೋಲನ ತಪ್ಪಿ ಬಿದ್ದಿರಿ ಎಂದುಕೊಳ್ಳಿ. ಆ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್! ಸ್ಪೀಡೋಮೀಟರ್ ಸೊನ್ನೆ ತೋರಿಸುತ್ತಿದ್ದರೂ ಗುರುತ್ವಾಕರ್ಷಣೆ ತನ್ನ ಕೆಲಸ ಮಾಡಿರುತ್ತದೆ. ಕೆಳಗಿರುವುದು ಕಾಂಕ್ರೀಟ್ ರಸ್ತೆಯೋ ಫುಟ್‌ಪಾತ್‌ನ ಅಂಚೋ ಆಗಿದ್ದರೆ ತಲೆಬುರುಡೆ ಒಡೆಯಲು ಅಷ್ಟು ವೇಗ ಸಾಕಾಗಬಹುದು.

1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹರ್ಟ್ ವರದಿ ಬೈಕ್ ಅಪಘಾತಗಳ ಬಗ್ಗೆ ಬಹಳ ಹೆಸರಾದ ಅಧ್ಯಯನ. ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಪ್ರದೇಶದ 900 ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಡಿಕ್ಕಿಯಾದ ಕ್ಷಣದಲ್ಲಿ ಬೈಕ್‌ಗಳ ಮಧ್ಯಮ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಮಾತ್ರ ಇತ್ತು. ಹೆಚ್ಚಿನ ಅಪಘಾತಗಳು ಅಂಗಡಿಗೆ, ಸ್ನೇಹಿತರ ಮನೆಗೆ ಎಂದು ಹೊರಟ ಸಣ್ಣ ಪ್ರಯಾಣಗಳಲ್ಲಿ, ಅದೂ ಹೊರಟ ಜಾಗದ ಹತ್ತಿರದಲ್ಲೇ ಆಗಿದ್ದವು.

ನಮ್ಮ ದೇಶದ ಲೆಕ್ಕವನ್ನೂ ನೋಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದ್ವಿಚಕ್ರ ವಾಹನಗಳಲ್ಲಿದ್ದ 74,897 ಜನ ಸತ್ತರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹೆಲ್ಮೆಟ್ ಇದ್ದಿದ್ದರೆ ಇವರೆಲ್ಲರೂ ಬದುಕುತ್ತಿದ್ದರು ಎಂದಲ್ಲ. ಆದರೆ 61 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಸುಮಾರು ಶೇ 42ರಷ್ಟು, ತಲೆಗೆ ಗಾಯವಾಗುವ ಸಾಧ್ಯತೆಯನ್ನು ಶೇ 69ರಷ್ಟು ಕಡಿಮೆ ಮಾಡುತ್ತದೆ.

ಹೆಲ್ಮೆಟ್ ಒಳಗೆ ಏನು ನಡೆಯುತ್ತದೆ?

ಹೆಲ್ಮೆಟ್ ಎಂದರೆ ಹೊರಗಿನ ಗಟ್ಟಿ ಚಿಪ್ಪು ಎಂದೇ ಹಲವರ ಭಾವನೆ. ನಿಜವಾದ ಕೆಲಸ ಮಾಡುವುದು ಅದರ ಒಳಗಿನ ಥರ್ಮೊಕೋಲ್ ಪದರ. ಹೊಡೆತ ಬಿದ್ದಾಗ ಅದು ಜಜ್ಜಿಹೋಗುತ್ತದೆ. ಬರಿತಲೆ ರಸ್ತೆಗೆ ಬಡಿದರೆ ಕೆಲವೇ ಮಿಲಿಮೀಟರ್‌ಗಳಲ್ಲಿ ನಿಂತುಬಿಡುತ್ತದೆ. ಹೆಲ್ಮೆಟ್ ಇದ್ದರೆ ಅದೇ ತಲೆ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ನಿಲ್ಲುತ್ತದೆ. ನಿಲ್ಲುವ ದೂರ ಹತ್ತು ಪಟ್ಟು ಹೆಚ್ಚಾದರೆ ತಲೆಯ ಮೇಲೆ ಬೀಳುವ ಸರಾಸರಿ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಷ್ಟೋ ಸಲ ಜೀವ ಉಳಿಸುವುದು ಈ ವ್ಯತ್ಯಾಸವೇ.

ಇದು ಅರ್ಥವಾದರೆ ಮೂರು ವಿಷಯ ತಾನಾಗಿ ತಿಳಿಯುತ್ತದೆ. ಒಂದು, ಥರ್ಮೊಕೋಲ್ ಇಲ್ಲದ ಟೋಪಿಯಂಥ ‘ಹಾಫ್ ಹೆಲ್ಮೆಟ್’ ದಂಡದಿಂದ ತಪ್ಪಿಸಿಕೊಳ್ಳುವ ಆಟವಷ್ಟೇ, ಅದು ತಲೆಯನ್ನು ಕಾಯುವುದಿಲ್ಲ. ಎರಡು, ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿಯೇ ಕಂಡರೂ ಒಳಗಿನ ಪದರ ಜಜ್ಜಿರುವುದರಿಂದ ಅದನ್ನು ಬದಲಾಯಿಸಬೇಕು. ಮೂರು, ಸ್ಟ್ರ್ಯಾಪ್ ಹಾಕದಿದ್ದರೆ ಹೆಲ್ಮೆಟ್ ಹಾಕಿಯೂ ಹಾಕದಂತೆ. ಬೀಳುವಾಗ ತಲೆಗಿಂತ ಮೊದಲು ಅದೇ ಹಾರಿಹೋಗಿರುತ್ತದೆ.

ಕುತ್ತಿಗೆ ಮುರಿಯುತ್ತದೆ, ಕೂದಲು ಉದುರುತ್ತದೆ ಎನ್ನುತ್ತಾರಲ್ಲ?

ಹೆಲ್ಮೆಟ್ ಭಾರಕ್ಕೆ ಕುತ್ತಿಗೆಯ ಮೂಳೆ ಮುರಿಯುತ್ತದೆ ಎಂಬ ಮಾತು ಹಳೆಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಬೈಕ್ ಅಪಘಾತಕ್ಕೆ ಸಿಕ್ಕಿದ 40 ಸಾವಿರಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿ 2011ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಹೆಲ್ಮೆಟ್ ಹಾಕಿದವರಲ್ಲಿ ಕುತ್ತಿಗೆಯ ಬೆನ್ನುಮೂಳೆಗೆ ಪೆಟ್ಟಾಗುವ ಸಾಧ್ಯತೆ ಶೇ 22ರಷ್ಟು ಕಡಿಮೆಯೇ ಇತ್ತು.

ಕೂದಲಿನ ವಿಷಯ. ಕೂದಲಿನ ಬೇರಿಗೆ ಆಮ್ಲಜನಕ ಸಿಗುವುದು ರಕ್ತದಿಂದ, ಹೊರಗಿನ ಗಾಳಿಯಿಂದಲ್ಲ. ಹಾಗಾಗಿ ಹೆಲ್ಮೆಟ್ ಹಾಕಿದರೆ ಬೇರು ಉಸಿರುಗಟ್ಟುವುದಿಲ್ಲ. ಗಂಡಸರ ಬೋಳುತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಹಾರ್ಮೋನ್. ಆದರೆ ತೀರಾ ಬಿಗಿಯಾದ ಹೆಲ್ಮೆಟ್ ಉಜ್ಜಿ ಕೂದಲು ತುಂಡಾಗಬಹುದು, ಬೆವರು ಹಿಡಿದ ಒಳಬಟ್ಟೆಯಿಂದ ತುರಿಕೆ ಬರಬಹುದು. ಸರಿಯಾದ ಅಳತೆಯದ್ದನ್ನು ಕೊಳ್ಳಿ, ಒಳಗೆ ತೆಳುವಾದ ಹತ್ತಿಬಟ್ಟೆ ಕಟ್ಟಿಕೊಳ್ಳಿ, ಲೈನಿಂಗ್ ಆಗಾಗ ತೊಳೆಯಿರಿ.

ತಲೆ ಉಳಿಯಿತು, ಮೈ ಚರ್ಮ?

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಿದ್ದರೆ ದೇಹ ಅಲ್ಲೇ ನಿಲ್ಲುವುದಿಲ್ಲ. ಸುಮಾರು ಎರಡು ಸೆಕೆಂಡು, ಹದಿನಾಲ್ಕು ಮೀಟರ್‌ನಷ್ಟು ದೂರ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಬಹುದು. ತೆಳು ಅಂಗಿ, ಸೀರೆ, ಚೂಡಿದಾರ್ ಕ್ಷಣದಲ್ಲಿ ಹರಿದುಹೋಗುತ್ತವೆ. ಸಾಮಾನ್ಯ ಜೀನ್ಸ್ ಕೂಡ ಹೆಚ್ಚು ಹೊತ್ತು ತಾಳುವುದಿಲ್ಲ. ಬಟ್ಟೆ ಹರಿದ ಮೇಲೆ ಉಜ್ಜುವುದು ಚರ್ಮವನ್ನೇ. ಆ ಗಾಯದೊಳಗೆ ಮಣ್ಣು, ಜಲ್ಲಿಪುಡಿ ಸೇರುತ್ತದೆ. ಗಾಯ ಆಳವಾದರೆ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ಜೀವಕ್ಕೆ ಅಪಾಯವಿಲ್ಲದಿದ್ದರೂ ದಿನಗೂಲಿಯವರಿಗೆ, ಡೆಲಿವರಿ ಕೆಲಸದವರಿಗೆ ವಾರಗಟ್ಟಲೆ ದುಡಿಮೆ ಇಲ್ಲ.

ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕಿದ 212 ಸವಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ನೋಡಿತು. ಅಂಥ ಉಡುಪಿಲ್ಲದವರಿಗೆ ಹೋಲಿಸಿದರೆ, ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಬೈಕ್ ಜಾಕೆಟ್ ಹಾಕಿದವರಲ್ಲಿ ಶೇ 21, ರೈಡಿಂಗ್ ಪ್ಯಾಂಟ್ ಹಾಕಿದವರಲ್ಲಿ ಶೇ 51, ಗ್ಲೌಸ್ ಹಾಕಿದವರಲ್ಲಿ ಶೇ 59ರಷ್ಟು ಕಡಿಮೆಯಿತ್ತು. ಇದು ಸಣ್ಣ ಅಧ್ಯಯನ ಎಂಬುದು ನೆನಪಿರಲಿ. ಜೊತೆಗೆ, ಜಾಕೆಟ್ ಹಾಕಿದ ಮಾತ್ರಕ್ಕೆ ಲಾರಿಗೆ ಡಿಕ್ಕಿಯಾದಾಗ ಮೂಳೆ ಮುರಿಯುವುದು ತಪ್ಪುವುದಿಲ್ಲ. ಅದು ತಡೆಯುವುದು ಮುಖ್ಯವಾಗಿ ತರಚು, ಕೊಯ್ತ, ಆಳವಾದ ಉಜ್ಜುಗಾಯಗಳನ್ನು.

ಕೈಗವಸಿನ ಅಂಕಿ ಇಷ್ಟು ದೊಡ್ಡದಾಗಿರುವುದು ಅಚ್ಚರಿಯಲ್ಲ. ಬೀಳುವಾಗ ಯಾರೇ ಆದರೂ ಯೋಚಿಸದೆ ಕೈ ಮುಂದೆ ಊರುತ್ತಾರೆ.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು?

ಮೊದಲು ಐಎಸ್ಐ ಗುರುತಿನ ಹೆಲ್ಮೆಟ್. ಗುರುತಿನ ಜೊತೆ ‘ಐಎಸ್ 4151’ ಸಂಖ್ಯೆ ಇದೆಯೇ ನೋಡಿ. 2021ರ ಜೂನ್ 1ರಿಂದ ಈ ಪ್ರಮಾಣಪತ್ರ ಇಲ್ಲದ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ಮನೆಯಲ್ಲಿ ಒಂದೇ ಗಾಡಿ ಇದ್ದರೂ ಹೆಲ್ಮೆಟ್ ಎರಡು ಬೇಕು. ಹಿಂದೆ ಕೂರುವ ಹೆಂಡತಿಯ, ಅಮ್ಮನ ತಲೆಯೂ ಅದೇ ರಸ್ತೆಗೆ ಬೀಳುವಂಥದ್ದು. ಮಗುವಿಗೆ ಅದರ ಅಳತೆಯದ್ದೇ ಬೇಕು. 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆ ಸೇಫ್ಟಿ ಬೆಲ್ಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ಬಂದ ಕೇಂದ್ರದ ನಿಯಮವೇ ಹೇಳುತ್ತದೆ.

ನಂತರ ಗ್ಲೌಸ್ ಮತ್ತು ಕಾಲಿನ ಗಿಣ್ಣು ಮುಚ್ಚುವ ಶೂ. ಚಪ್ಪಲಿ ಹಾಕಿ ಗಾಡಿ ಓಡಿಸುವುದನ್ನು ನಿಲ್ಲಿಸಲು ಹೊಸದಾಗಿ ಖರ್ಚೇನೂ ಬೇಕಿಲ್ಲ. ಆಮೇಲೆ ಮೊಣಕೈ, ಭುಜದಲ್ಲಿ ಪ್ಯಾಡ್ ಇರುವ ಜಾಕೆಟ್. ಸೆಕೆ ಎನ್ನುವವರಿಗೆ ಗಾಳಿಯಾಡುವ ಮೆಶ್ ಜಾಕೆಟ್‌ಗಳಿವೆ. ಕೊನೆಗೆ ಮಂಡಿಗೆ ಪ್ಯಾಡ್ ಇರುವ ಪ್ಯಾಂಟ್. ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕೆಂದಿಲ್ಲ. ಆದರೆ ಕೊಂಡದ್ದನ್ನು ಹಾಲಿನ ಅಂಗಡಿಗೆ ಹೋಗುವಾಗಲೂ ಹಾಕಿಕೊಳ್ಳಿ.

ಕೊನೆಯ ಮಾತು

‘ಹೆಲ್ಮೆಟ್ ಬೇಕಿಲ್ಲ’ ಎನ್ನುವ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಒಂದೇ ಸಾಲು ಬರೆಯಿರಿ: ನಿಂತ ಗಾಡಿಯಿಂದ ಬಿದ್ದರೂ ತಲೆ 20 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮನೆ ಹತ್ತಿರದ ರಸ್ತೆಯೂ ಹೈವೇಯಷ್ಟೇ ಗಟ್ಟಿ.