ಬಿಲ್ ಸಿಗದ ಊರಿನ ಸಂಶೋಧನೆ

ರಾಜ್ಯದ ಒಂದು ವಿಶ್ವವಿದ್ಯಾಲಯದ ಸಮಾಜ ವಿಜ್ಞಾನಗಳ ಕಟ್ಟಡ ಇದು. ಯಾವ ಊರಿನದು ಅನ್ನುವುದು ಬೇಡ. ಮೇಷ್ಟ್ರುಗಳ ಸಂಶೋಧನೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನೋಡುವುದಷ್ಟೇ ನನ್ನ ಕುತೂಹಲ.

ಮೆಟ್ಟಿಲು ಹತ್ತಿದರೆ ಮೊದಲು ಎದುರಾಗುವುದು ನೋಟಿಸ್ ಬೋರ್ಡು, ಅದರ ತುಂಬ ಟೈಮ್‌ಟೇಬಲ್. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಕೇಳಲು ಇದೇನೂ ಹೊರೆ ಅನ್ನಿಸುವುದಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗಿನ ಚೌಕಗಳಲ್ಲಿ ಕಣ್ಣಾಡಿಸಿದರೆ ತರಗತಿಗಳು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಚದುರಿ ಕೂತಿವೆ. ಇಡೀ ದಿನ ಬಿಡುವಿರುವ ಮೇಷ್ಟ್ರು ಒಬ್ಬರೂ ಕಾಣಲಿಲ್ಲ. ಪುಸ್ತಕ ಹಿಡಿದು ಕೂರುವವರಿಗೆ ನಡುವಿನ ಎರಡು ಗಂಟೆ ಸಾಕಾದೀತು. ದೂರದ ಹಳ್ಳಿಗೆ ಬಸ್ಸು ಹತ್ತಿ, ಜನ ಕೂಲಿ ಮುಗಿಸಿ ಮನೆಗೆ ಬರುವವರೆಗೆ ಕಾದು ಮಾತಾಡಿಸಬೇಕಾದವರಿಗೆ ಅದು ಯಾವ ಮೂಲೆಗೆ? ಕೆಲವು ಚೌಕಗಳಲ್ಲಿ ಹೆಸರೇ ಇಲ್ಲ, ‘ಅತಿಥಿ’ ಅಂತಷ್ಟೇ ಇದೆ. ಅತಿಥಿ ಉಪನ್ಯಾಸಕರು ಪಾಠ ಹಂಚಿಕೊಳ್ಳಬಹುದು. ಪಿಎಚ್.ಡಿ. ವಿದ್ಯಾರ್ಥಿಗಳು, ಸಮಿತಿಗಳು, ಪರೀಕ್ಷೆಯ ಕೆಲಸ ಮಾತ್ರ ಇರುವ ಕಾಯಂ ಮಂದಿಯ ತಲೆಯ ಮೇಲೇ.

ಪಕ್ಕದ್ದು ಅಧ್ಯಾಪಕರ ಕೊಠಡಿ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು, ಗೋಡೆಯ ಶೆಲ್ಫಿನಲ್ಲಿ ಪಠ್ಯಕ್ರಮದ ಕಡತಗಳು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತೆಂದು ಒಮ್ಮೆ ಬರೆದದ್ದು, 2024ರಲ್ಲಿ ಮತ್ತೆ ಮೂರು ವರ್ಷವೇ ಎಂದಾಗ ಇನ್ನೊಮ್ಮೆ ಬರೆದದ್ದು. ಇಷ್ಟು ಪುಟ ಬರೆದವರು ಸಂಶೋಧನೆ ಬರೆಯುತ್ತಿಲ್ಲವೇಕೆ ಎಂದು ಕೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಒಳಗಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು. ಅದರೊಳಗೆ ತುಂಬಿಸಿದ ಪ್ರಶ್ನಾವಳಿಗಳು. ವಲಸೆ ಕೂಲಿಯ ಕುರಿತ ಅಧ್ಯಯನವಂತೆ. ಒಂದನ್ನು ಬಿಡಿಸಿ ನೋಡಿದೆ. ಮೊದಲ ಪುಟ ಒಪ್ಪಿಗೆ ಪತ್ರ. ಸಹಿ ಇರಬೇಕಾದ ಗೆರೆ ಖಾಲಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಬಾಯಿಮಾತಿನ ಒಪ್ಪಿಗೆ’. ಒಳಪುಟಗಳಲ್ಲಿ ಮಾತ್ರ ಸಾಲ ಎಷ್ಟು, ಮೇಸ್ತ್ರಿ ಕೊಟ್ಟ ಮುಂಗಡ ಎಷ್ಟು, ಮಗಳ ಶಾಲೆ ಯಾವಾಗ ಬಿಟ್ಟದ್ದು, ಎಲ್ಲ ಒತ್ತೊತ್ತಾಗಿ ಬರೆದಿದೆ. ಅಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ವಿವರಿಸಿದಳು: “ಮನೆ ಕಷ್ಟ ಎಲ್ಲಾ ಹೇಳ್ತಾರೆ ಸರ್. ಇಲ್ಲೊಂದು ಸಹಿ ಹಾಕಿ ಅಂದ್ರೆ ರೇಷನ್ ಕಾರ್ಡ್ ಕಿತ್ಕೊಳ್ತೀರಾ ಅಂತ ಎದ್ದು ಹೋಗ್ತಾರೆ.” ನೈತಿಕ ಸಮಿತಿಗೆ ಸಹಿಯೇ ಬೇಕು. ಸಮಿತಿ ಕೇಳುವುದು ಆ ಜನರ ರಕ್ಷಣೆಗಾಗಿಯೇ, ಜನ ಹೆದರುವುದೂ ಅನುಭವದಿಂದಲೇ. ಪೆನ್ಸಿಲಿನ ಆ ಎರಡು ಪದವನ್ನು ಸಮಿತಿ ಒಪ್ಪುತ್ತದೋ ಇಲ್ಲವೋ, ಅವಳಿಗೂ ಖಾತ್ರಿ ಇರಲಿಲ್ಲ.

ಬೀರುವಿನ ಬಾಗಿಲಿಗೆ ಅಂಟಿಸಿದ್ದು 2011ರ ಜನಗಣತಿಯ ಹಳ್ಳಿವಾರು ಪಟ್ಟಿ. 2021ರ ಎಣಿಕೆ ಕೋವಿಡ್ಡಿನಲ್ಲಿ ಮುಂದಕ್ಕೆ ಹೋದದ್ದರಿಂದ ಮಾದರಿ ಮನೆಗಳನ್ನು ಆರಿಸಲು ಇದೇ ಆಧಾರ. ಕೆಲವು ಊರುಗಳ ಹೆಸರಿಗೆ ಗೀಟು ಎಳೆದು ‘ಈಗ ಬಡಾವಣೆ’ ಎಂದು ಗುರುತು ಹಾಕಿದ್ದಾರೆ.

ಗ್ರಂಥಾಲಯದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರಲ್ಲಿ ಶುರುವಾದ ಮೇಲೆ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ನಿಯತಕಾಲಿಕೆಗಳ ಬಾಗಿಲು ತೆರೆದಿದೆ. ಓದಲು ಸಿಗುವುದು ದೊಡ್ಡ ಸಂಗತಿಯೇ. ಅಲ್ಲಿ ಬರೆಯುವುದು ಬೇರೆ ಮಾತು: ಕನ್ನಡದಲ್ಲಿ ಕೇಳಿಸಿಕೊಂಡ ಕಷ್ಟವನ್ನು ಇಂಗ್ಲಿಷಿಗೆ ತಿರುಗಿಸಿ, ಆ ನಿಯತಕಾಲಿಕೆಗಳ ಅಳತೆಗೆ ಹೊಲಿಯಬೇಕು.

ಕೊನೆಗೆ ಮುಖ್ಯ ಕಟ್ಟಡದ ಹಣಕಾಸು ವಿಭಾಗಕ್ಕೆ ಹೋದೆ. ಅಡಚಣೆಗಳ ಗಂಟು ಇರುವುದು ಇಲ್ಲೇ ಎಂದು ನನ್ನ ಅಂದಾಜು. ಸಂಶೋಧನಾ ಯೋಜನೆಯ ಅನುದಾನ ಕಂತಿನಲ್ಲಿ ಬರುತ್ತದೆ. ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತಿಲ್ಲ. ಅಧ್ಯಾಪಕಿಯೊಬ್ಬರು ಕಡತ ಹಿಡಿದು ಗುಮಾಸ್ತರ ಎದುರು ನಿಂತಿದ್ದರು. ಪ್ರಿಂಟರಿನ ಬಿಲ್ಲಿಗೆ ತಕರಾರಿಲ್ಲ, ಕೊಟೇಶನ್ ಇದೆ, ಜಿಎಸ್‌ಟಿ ಸಂಖ್ಯೆ ಇದೆ. ತಾಂಡಾಕ್ಕೆ ಹೋದ ಆಟೋ ಬಾಡಿಗೆ, ಮನೆ ತೋರಿಸಿದ ಹುಡುಗನಿಗೆ ಕೊಟ್ಟ ಕೂಲಿ, ಇವಕ್ಕೆ ಕೈಬರಹದ ಚೀಟಿ ಮಾತ್ರ.

“ಆಟೋದವ್ರು ಬಿಲ್ ಕೊಡಲ್ಲ ಅಂತ ನಂಗೂ ಗೊತ್ತು ಮೇಡಂ. ಆಡಿಟ್‌ನವ್ರಿಗೆ ಏನ್ ಹೇಳ್ಲಿ?” ಎಂದರು ಗುಮಾಸ್ತರು. ದನಿಯಲ್ಲಿ ದರ್ಪ ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೊಳ್ಳುವವರಿಗೆಂದು ಮಾಡಿದ ನಿಯಮ ಅದು. ಜನರ ಮನೆ ಬಾಗಿಲಿಗೆ ಹೋಗುವ ವಿದ್ಯೆಗೆ ಹೊಂದುವುದಿಲ್ಲ. ಅಧ್ಯಾಪಕಿ ಚೀಟಿಗಳನ್ನು ಕಡತದಿಂದ ಬಿಚ್ಚಿ ಪರ್ಸಿಗೆ ಹಾಕಿಕೊಂಡರು. ಆ ಖರ್ಚು ಅವರ ಸಂಬಳದ್ದು. ಮಿಕ್ಕ ಕಡತಕ್ಕೆ ಆಗಲೇ ಸೀಲು ಬಿತ್ತು.